ಉಲ್ಟಾ ಮಾಡಿ ನೋಡಿ: ಮೊಮ್ಮಗಳಿಗೆ ಹೊಲಿಸಿದ ಚಾಕ್ಟಾ ಉಡುಪು

ಯಾವ ಬಟ್ಟೆ ಕೈಗೆ ಬಂದರೂ ನಾನು ಮೊದಲು ಅದನ್ನು ಉಲ್ಟಾ ಮಾಡಿ ನೋಡುತ್ತೇನೆ. ಇಪ್ಪತ್ತಾರು ವರ್ಷ ಬ್ಲೌಸ್ ಹೊಲಿದವಳ ಚಟ, ಏನು ಮಾಡೋದು. ಮೊಮ್ಮಗಳಿಗೆ ತರಿಸಿದ ಎರಡು ಚಾಕ್ಟಾ ಉಡುಪುಗಳನ್ನೂ ಹಾಗೇ ನೋಡಿದೆ. ಚಾಕ್ಟಾ ಎಂದರೆ ಅಮೆರಿಕದ ಮೂಲನಿವಾಸಿಗಳ ಒಂದು ಜನಾಂಗ. ಒಂದಕ್ಕೆ 64 ಡಾಲರ್ ಕೊಟ್ಟಿದ್ದೆವು, ಇನ್ನೊಂದಕ್ಕೆ 240. ಆರು ಅಡಿ ದೂರ ನಿಂತು ನೋಡಿದರೆ ಎರಡೂ ಒಂದೇ. ಕೆಂಪು ಬಟ್ಟೆ, ಬಿಳಿ ಡೈಮಂಡ್ ಸಾಲು, ಕೆಳಗೆ ಫ್ರಿಲ್, ಮುಂದೆ ಬಿಳಿ ಏಪ್ರನ್. ಒಳಗಡೆ ನೋಡಿದಾಗ ಮಾತ್ರ ಕಥೆ ಬೇರೆ.

ನನ್ನ ಮಗ ಇರುವುದು ಅಮೆರಿಕದ ಓಕ್ಲಹೋಮಾ ರಾಜ್ಯದ ಡುರಾಂಟ್ ಎಂಬ ಊರಿನಲ್ಲಿ. ಚಾಕ್ಟಾದವರ ಸರ್ಕಾರ, ಅಂದರೆ ಚಾಕ್ಟಾ ನೇಷನ್ನಿನ ಮುಖ್ಯ ಕಚೇರಿ ಇರುವುದೂ ಅಲ್ಲೇ. ಸೊಸೆ ಚಾಕ್ಟಾ ಹುಡುಗಿ. ಅಲ್ಲಿ ಸದಸ್ಯತ್ವ ಬರುವುದು ವಂಶದಿಂದ. ಹಿರಿಯರ ಹೆಸರು ನೂರು ವರ್ಷ ಹಿಂದೆ ಅಮೆರಿಕ ಸರ್ಕಾರ ಬರೆಸಿದ ಡಾಸ್ ಪಟ್ಟಿಯಲ್ಲಿ ಇರಬೇಕು, ಅವರಿಂದ ನೇರವಾಗಿ ಇಳಿದು ಬಂದಿರಬೇಕು, ಅಷ್ಟೆ. ಹಾಗಾಗಿ ನನ್ನ ಏಳು ವರ್ಷದ ಮೊಮ್ಮಗಳಿಗೂ ಕಾರ್ಡ್ ಇದೆ. ನನ್ನನ್ನು ಅಜ್ಜಿ ಅನ್ನುತ್ತಾಳೆ, ನನ್ನ ಬೀಗಿತ್ತಿಯನ್ನು ಪೋಕ್ನಿ ಅನ್ನುತ್ತಾಳೆ. ಎರಡಕ್ಕೂ ಅರ್ಥ ಒಂದೇ.

ಸೆಪ್ಟೆಂಬರ್ ಮೊದಲ ಸೋಮವಾರ ಅಲ್ಲಿ ಲೇಬರ್ ಡೇ. ಆ ವಾರಾಂತ್ಯ ಟಷ್ಕಾ ಹೊಮ್ಮಾ ಎಂಬ ಊರಿನಲ್ಲಿ ಚಾಕ್ಟಾದವರ ದೊಡ್ಡ ಜಾತ್ರೆ. 1884ರಲ್ಲಿ ಕಟ್ಟಿದ ಅವರ ಹಳೇ ಕ್ಯಾಪಿಟಲ್ ಕಟ್ಟಡ ಇನ್ನೂ ಗಟ್ಟಿಯಾಗಿ ನಿಂತಿದೆ, ಅದರ ಸುತ್ತಲೂ ಜನ. ಸ್ಟಿಕ್‌ಬಾಲ್ ಆಟ, ಕುಣಿತ, ಊಟ. ಹೆಣ್ಣುಮಕ್ಕಳು ಈ ಉದ್ದ ಉಡುಪು ಹಾಕಿಕೊಂಡು ಬರುತ್ತಾರೆ. ನಮ್ಮ ಹುಡುಗಿಗೂ ಬೇಕಾಯಿತು.

ಮಗ ಎಂದಿನಂತೆ ಫೋನಿನಲ್ಲೇ ಕೆಲಸ ಮುಗಿಸಿದ. ಯಾವುದೋ ಸೈಟಿನಲ್ಲಿ 'ಟ್ರೈಬಲ್ ಡ್ರೆಸ್' ಎಂದಿತ್ತಂತೆ. ಹೊಲಿದವರು ಯಾರು, ಎಲ್ಲಿ, ಒಂದು ಸಾಲೂ ಇರಲಿಲ್ಲ. ಐದು ದಿನಕ್ಕೆ ಮನೆಗೆ ಬಂತು. ಅಷ್ಟು ಬೇಗ ಬಂದದ್ದೇ ನನಗೆ ಅನುಮಾನ. ಬಿಚ್ಚಿ ಒಳಗೆ ನೋಡಿದೆ. ಡೈಮಂಡ್ ಸಾಲು ಹೊಲಿದದ್ದೇ ಅಲ್ಲ. ಡೈಮಂಡ್ ಅಚ್ಚು ಹಾಕಿದ ರಿಬ್ಬನ್ನನ್ನು ಮೇಲೊಂದು, ಕೆಳಗೊಂದು ಮಿಷನ್ ಓಡಿಸಿ ಅಂಟಿಸಿದ್ದಾರೆ. ಪಕ್ಕದ ಹೊಲಿಗೆಯಲ್ಲಿ ಬಿಡಬೇಕಾದ ಬಟ್ಟೆ ಕಾಲು ಇಂಚೂ ಇಲ್ಲ. ಸೊಂಟದ ನೆರಿಗೆ ಒಂದು ಕಡೆ ಗುಂಪಾಗಿದೆ, ಇನ್ನೊಂದು ಕಡೆ ಬೋಳು. ಇರಲಿ, ಮಕ್ಕಳ ಬಟ್ಟೆ ಅಂತ ಒಗೆಯಲು ಹಾಕಿದೆ. ತೆಗೆದಾಗ ಬಿಳಿ ಏಪ್ರನ್ ದಾಳಿಂಬೆ ರಸದಲ್ಲಿ ಅದ್ದಿದ ಹಾಗೆ. ಕೆಂಪು ಪೂರ್ತಿ ಬಿಟ್ಟುಕೊಂಡಿತ್ತು. ವಾಪಸ್ ಕಳಿಸೋಣ ಎಂದರೆ ಒಗೆದ ಬಟ್ಟೆ ತಗೊಳ್ಳುವುದಿಲ್ಲ ಎಂದರು.

ಆ ಉಡುಪಿಗೆ ನನ್ನ ಅಂಕ ಐದರಲ್ಲಿ ಒಂದು. ಆ ಒಂದೂ ಗುಂಡಿಗಳಿಗೆ. ಗುಂಡಿ ಚೆನ್ನಾಗಿದ್ದವು, ಕಿತ್ತು ಡಬ್ಬಿಗೆ ಹಾಕಿಕೊಂಡಿದ್ದೇನೆ.

ಬೀಗಿತ್ತಿ ಬಂದು ಆ ಉಡುಪು ನೋಡಿದರು. ಬೈಯಲಿಲ್ಲ. ರಿಬ್ಬನ್ ಮೇಲೆ ಬೆರಳಾಡಿಸಿ, "ಈ ಹಾವು ಸತ್ತಿದೆ" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೇಳಿದರು. ಆ ಡೈಮಂಡ್ ಸುಮ್ನೆ ಅಂದಕ್ಕೆ ಹಾಕುವುದಲ್ಲ. ಅಲ್ಲಿ ಡೈಮಂಡ್‌ಬ್ಯಾಕ್ ಎಂಬ ಬುಡುಬುಡಿಕೆ ಹಾವು ಇದೆ, ಅದರ ಬೆನ್ನ ಮೇಲೆ ಇದೇ ಗುರುತು ಸಾಲಾಗಿ ಇರುತ್ತದೆ. ಚಾಕ್ಟಾದವರಿಗೆ ಆ ಹಾವಿನ ಮೇಲೆ ಗೌರವ. ಜೋಳದ ಹೊಲಕ್ಕೆ ಬರುವ ಇಲಿ ಹಿಡಿಯುತ್ತದೆ, ತಾನಾಗಿ ಮೇಲೆ ಬೀಳುವುದಿಲ್ಲ, ಮೊದಲು ಬಾಲ ಅಲ್ಲಾಡಿಸಿ ಹೇಳುತ್ತದೆ. ನಾಗಪ್ಪನಿಗೆ ಹಾಲೆರೆದು ಬೆಳೆದವಳಿಗೆ ಇದನ್ನು ಬಿಡಿಸಿ ಹೇಳಬೇಕಾ? ಆದರೆ ಹಾವನ್ನು ಲಂಗದ ಸುತ್ತ ಹೊಲಿದುಕೊಳ್ಳುವುದು ನನಗೆ ಹೊಸದು. ಪೂರ್ತಿ ಡೈಮಂಡ್ ಇರುತ್ತದೆ, ಅರ್ಧ ಡೈಮಂಡ್ ಇರುತ್ತದೆ. ಅರ್ಧದ್ದು ಬೆಟ್ಟದ ಸಾಲಿನ ಹಾಗೆ ಕಾಣುತ್ತದೆ.

ಸರಿ, ಎರಡನೆಯ ಉಡುಪಿಗೆ ಬರುತ್ತೇನೆ. ಅದನ್ನು ಹೊಲಿದದ್ದು ಬೀಗಿತ್ತಿಗೆ ಗೊತ್ತಿದ್ದ ಒಬ್ಬ ಚಾಕ್ಟಾ ಹೆಂಗಸು. ಊರ ಹೊರಗೆ ಮನೆ, ಹಿಂದಿನ ಕೋಣೆಯೇ ಹೊಲಿಗೆ ಕೋಣೆ. ಹೆಸರು ಇಲ್ಲಿ ಹಾಕುವುದಿಲ್ಲ, ಮುಂದೆ ಸ್ವಲ್ಪ ದೂರು ಹೇಳುವುದಿದೆ. ಎರಡು ಮಿಷನ್, ಒಂದು ಓವರ್‌ಲಾಕ್, ಗೋಡೆಗೆ ಮೊಳೆ ಹೊಡೆದು ಸಾಲಾಗಿ ನೇತುಹಾಕಿದ ದಾರದ ಉಂಡೆಗಳು. ಆ ಕೋಣೆಗೆ ಕಾಲಿಟ್ಟ ಕೂಡಲೇ ನನಗೆ ನನ್ನದೇ ಹಳೇ ಅಂಗಡಿಗೆ ಬಂದ ಹಾಗಾಯಿತು. ಅದೇ ಇಸ್ತ್ರಿ ವಾಸನೆ. ಅದೇ 'ನಾಳೆ ಕೊಡುತ್ತೇನೆ' ಎನ್ನುವ ಮುಖ!

ಅಳತೆ ತೆಗೆದ ರೀತಿ ನೋಡಿಯೇ ನಂಬಿಕೆ ಬಂತು. ಹುಡುಗಿಯನ್ನು ನಿಲ್ಲಿಸಿ ಮಾತ್ರ ಅಲ್ಲ, ಎರಡು ಹೆಜ್ಜೆ ಕುಣಿಸಿ, ಬಗ್ಗಿಸಿ, ಕೈ ಮೇಲೆತ್ತಿಸಿ ತೆಗೆದರು. ಕುಣಿತದಲ್ಲಿ ಕೈ ಹಿಡಿದು ಸಾಲಾಗಿ ಓಡಬೇಕು, ತೋಳು ಬಿಗಿಯಾದರೆ ಕಂಕುಳ ಹರಿಯುತ್ತದೆ ಎಂದರು. ಬಣ್ಣ ಕೆಂಪೇ ಇರಲಿ ಎಂದು ಹುಡುಗಿ ಹಠ ಹಿಡಿದಳು. ಆಕೆ ಬಟ್ಟೆಯ ಮೂಲೆ ಒದ್ದೆ ಮಾಡಿ, ಬಿಳಿ ಕರವಸ್ತ್ರದ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿದರು. ಕರವಸ್ತ್ರ ತಿಳಿ ಗುಲಾಬಿಯಾಯಿತು. "ಇದನ್ನು ಎರಡು ಸಲ ಒಗೆದ ಮೇಲೆಯೇ ಕತ್ತರಿ ಹಾಕುವುದು" ಎಂದರು. ಆ 64 ಡಾಲರ್ ಉಡುಪಿನವರಿಗೆ ಇಷ್ಟು ಗೊತ್ತಿದ್ದರೆ ಸಾಕಿತ್ತು.

ಉಡುಪಿನ ಕಟ್ಟು ಹೀಗೆ. ಮೇಲೆ ಎದೆ ಭಾಗ, ಅದರ ಸುತ್ತ ಹೆಗಲಿನಿಂದ ಹೆಗಲಿಗೆ ಒಂದು ಫ್ರಿಲ್. ಪೂರ್ತಿ ತೋಳು, ತುದಿಯಲ್ಲಿ ಪಟ್ಟಿ. ಸೊಂಟಕ್ಕೆ ನೆರಿಗೆ ಹಿಡಿದ ಘೇರು ಲಂಗ, ಕಾಲಿನ ಗಂಟಿನವರೆಗೆ. ಅಡಿಯಲ್ಲಿ ಅಗಲ ಫ್ರಿಲ್, ಅದರ ಮೇಲೆ ಡೈಮಂಡ್ ಸಾಲು. ಎದೆ ಸುತ್ತ ಮತ್ತು ತೋಳಿನ ಪಟ್ಟಿಯಲ್ಲೂ ಸಣ್ಣ ಸಾಲು. ಏಪ್ರನ್ ಬೇರೆ, ಹಿಂದೆ ಗಂಟು ಹಾಕುವಂಥದ್ದು, ಅದಕ್ಕೂ ಉಡುಪಿನ ಬಣ್ಣದ್ದೇ ಅಂಚು.

ಈಗ ಡೈಮಂಡ್ ಮಾಡುವ ಬಗೆ. ನನಗೆ ಇಡೀ ವಿಷಯದಲ್ಲಿ ಇದೇ ರುಚಿ ಜಾಸ್ತಿ. ಸುಲಭದ ದಾರಿ ಎಂದರೆ ಜಿಗ್‌ಜ್ಯಾಗ್ ಲೇಸ್. ಅಲ್ಲಿ ಅದನ್ನು ರಿಕ್‌ರ್ಯಾಕ್ ಅನ್ನುತ್ತಾರೆ. ಎರಡು ಲೇಸನ್ನು ಎದುರುಬದುರು ಇಟ್ಟು ಹೊಲಿದರೆ ನಡುವೆ ತಾನಾಗಿ ಡೈಮಂಡ್ ಬೀಳುತ್ತದೆ. ಇಲ್ಲವೇ ಅಂಗಡಿಯಲ್ಲಿ ಸಿಗುವ ಮಡಿಸಿದ ಕ್ರಾಸ್ ಪಟ್ಟಿ, ಪ್ಯಾಕೆಟ್ಟಿಗೆ 4 ಡಾಲರ್ ಹತ್ತಿರ. ಅದನ್ನು ಓರೆ ಓರೆಯಾಗಿ ಮಡಿಚಿಕೊಂಡು ಹೋಗಿ ಹೊಲಿಯುತ್ತಾರೆ. ಇವೆರಡನ್ನೂ ಈಗ ತುಂಬಾ ಜನ ಮಾಡುತ್ತಾರೆ. ನೋಡಲು ಚೆಂದ, ಒಗೆದರೆ ತಡೆಯುತ್ತದೆ. ಅದನ್ನು ಕೀಳು ಎಂದು ನಾನು ಹೇಳುವುದಿಲ್ಲ.

ಈಕೆ ಮಾಡಿದ್ದು ಮೂರನೆಯದು. ಒಂದು ಇಂಚಿಗಿಂತ ಸ್ವಲ್ಪ ಅಗಲದ ಬಿಳಿ ಪಟ್ಟಿ. ಒಂದೂವರೆ ಇಂಚಿಗೊಂದರಂತೆ ಎರಡೂ ಅಂಚಿನಿಂದ ಒಳಕ್ಕೆ ಸಣ್ಣ ಕತ್ತರಿ ಏಟು, ಎರಡು ಏಟೂ ಎದುರುಬದುರು. ನಡುವೆ ಒಂದು ಎಳೆಯಷ್ಟು ಬಟ್ಟೆ ಉಳಿಯಬೇಕು. ಪಟ್ಟಿಯನ್ನು ಲಂಗದ ಮೇಲಿಟ್ಟು ಪಿನ್ನು ಚುಚ್ಚಿ, ಆಮೇಲೆ ಒಂದೊಂದೇ ಮೂಲೆಯನ್ನು ಸೂಜಿ ಮೊನೆಯಿಂದ ಒಳಕ್ಕೆ ತಳ್ಳಿ ಕೈಹೊಲಿಗೆ ಹಾಕುತ್ತಾ ಹೋಗುವುದು. ಚೌಕ ಚೌಕವಾಗಿದ್ದ ಪಟ್ಟಿ ಕಣ್ಣೆದುರೇ ಶಂಕರಪೋಳಿ ಸಾಲಾಗುತ್ತದೆ. ಕತ್ತರಿ ಒಂದು ಎಳೆ ಹೆಚ್ಚು ಹೋದರೆ ಪಟ್ಟಿ ತುಂಡು. ಕಡಿಮೆ ಹೋದರೆ ಮೂಲೆ ಮಡಿಯುವುದಿಲ್ಲ, ಡೈಮಂಡ್ ಬದಲು ಇಡ್ಲಿ ಆಗುತ್ತದೆ.

ನನ್ನ ಲೆಕ್ಕದ ಬುದ್ಧಿ ಸುಮ್ಮನಿರಲಿಲ್ಲ. ಲಂಗದ ಘೇರು 90 ಇಂಚು. ಒಂದೂವರೆ ಇಂಚಿಗೊಂದು ಎಂದರೆ 60 ಡೈಮಂಡ್. ಒಂದಕ್ಕೆ ನಾಲ್ಕು ಮೂಲೆ, 240 ಮೂಲೆ. ಬಿಲ್ಲೂ 240 ಡಾಲರ್. ಮೂಲೆಗೊಂದು ಡಾಲರ್ ಕೊಟ್ಟ ಹಾಗಾಯಿತು, ಉಡುಪು, ತೋಳು, ಏಪ್ರನ್ ಎಲ್ಲ ಕೊಸರು! ಮಗ ರೇಟು ಕೇಳಿ ಹುಬ್ಬೇರಿಸಿದ್ದ. ಈ ಲೆಕ್ಕ ಹೇಳಿದ ಮೇಲೆ ಬಾಯಿ ಮುಚ್ಚಿದ.

ಮನೆಗೆ ತಂದು ಉಲ್ಟಾ ಮಾಡಿದೆ. ಲಂಗದ ಒಳಗಡೆ ಡೈಮಂಡ್ ಸಾಲು ಹಿಂದಿನಿಂದಲೂ ಕಾಣುತ್ತದೆ, ಚುಕ್ಕಿ ಚುಕ್ಕಿ ಹೊಲಿಗೆಯಲ್ಲಿ, ರಂಗೋಲಿ ಎಳೆಯುವ ಮುಂಚೆ ಚುಕ್ಕಿ ಇಟ್ಟ ಹಾಗೆ. ಪಕ್ಕದಲ್ಲಿ ಮುಕ್ಕಾಲು ಇಂಚು ಬಟ್ಟೆ ಬಿಟ್ಟಿದ್ದಾರೆ, ಮುಂದೆ ಬಿಚ್ಚಿ ಅಗಲ ಮಾಡಬಹುದು. ಫ್ರಿಲ್ಲಿನ ಮೇಲೆ ಒಳಗಡೆ ಮೂರು ಇಂಚಿನ ಒಂದು ಮಡಿಕೆ. ಹುಡುಗಿ ಎತ್ತರವಾದ ಹಾಗೆ ಬಿಚ್ಚಿಕೊಳ್ಳಲಿ ಎಂದು. ಇದನ್ನು ನಾನು ಕೇಳಿರಲಿಲ್ಲ, ಆಕೆಯೇ ಹಾಕಿದ್ದು.

ಒಂದು ಮಧ್ಯಾಹ್ನ ಬೀಗಿತ್ತಿ ತಮ್ಮ ತಾಯಿಯ ಹಳೇ ಉಡುಪು ತಂದು ಮಂಚದ ಮೇಲೆ ಹಾಸಿದರು. ಸಣ್ಣ ಹೂವಿನ ಹತ್ತಿ ಬಟ್ಟೆ, ಒಗೆದು ಒಗೆದು ಮೆತ್ತಗಾಗಿದೆ. ನಾನು ಸ್ವಲ್ಪ ಹಿಂಜರಿದೇ ಕೇಳಿದೆ. "ಇದು ಹಳೇ ಫೋಟೋಗಳಲ್ಲಿ ಬಿಳಿಯರ ಹೆಂಗಸರು ಹಾಕಿದ ಗೌನಿನ ಹಾಗೇ ಇದೆಯಲ್ಲ?"

ಅವರು ನಕ್ಕುಬಿಟ್ಟರು. "ಹೌದು ಮತ್ತೆ. ಅಲ್ಲಿಂದಲೇ ಬಂದದ್ದು."

ಅಷ್ಟು ನೇರವಾಗಿ ಹೇಳುತ್ತಾರೆ ಎಂದುಕೊಂಡಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ವಲಸಿಗರ ಹೆಂಗಸರ ಉಡುಪಿನ ಕಟ್ಟನ್ನು ಚಾಕ್ಟಾ ಹೆಂಗಸರು ತೆಗೆದುಕೊಂಡರು, ಅದರ ಮೇಲೆ ತಮ್ಮ ಗುರುತು ಹೊಲಿದರು. ಅದಕ್ಕೂ ಮುಂಚೆ ಬಟ್ಟೆಯೇ ಬೇರೆ. ಜಿಂಕೆ ಚರ್ಮ ಹದ ಮಾಡುತ್ತಿದ್ದರು. ಹಿಪ್ಪುನೇರಳೆ ಗಿಡದ ಎಳೇ ಚಿಗುರಿನ ತೊಗಟೆ ಸುಲಿದು, ಬಡಿದು, ಬಿಸಿಲಿಗೆ ಹಾಕಿ ಬೆಳ್ಳಗೆ ಮಾಡಿ, ಹೊಸೆದು ದಾರ ಮಾಡುತ್ತಿದ್ದರು. ಕಾಡೆಮ್ಮೆಯಂಥ ಬೈಸನ್ನಿನ ಕೂದಲನ್ನೂ ನೂಲುತ್ತಿದ್ದರು. ಆಮೇಲೆ ಯೂರೋಪಿನ ವ್ಯಾಪಾರಿಗಳು ಬಂದರು. ಜಿಂಕೆ ಚರ್ಮ ಅವರಿಗೆ ಹೋಯಿತು, ಬಟ್ಟೆಯ ಥಾನು ಇವರಿಗೆ ಬಂತು. 1830ರಲ್ಲಿ ಅಮೆರಿಕ ಸರ್ಕಾರದ ಜೊತೆ ಡ್ಯಾನ್ಸಿಂಗ್ ರ್ಯಾಬಿಟ್ ಕ್ರೀಕ್ ಒಪ್ಪಂದ. 1831ರಿಂದ 1833ರವರೆಗೆ ಮಿಸಿಸಿಪ್ಪಿಯ ನೆಲ ಬಿಡಿಸಿ ಸಾವಿರಾರು ಜನರನ್ನು ಪಶ್ಚಿಮಕ್ಕೆ ಕಳಿಸಿದರು. ಚಳಿಗೆ, ಕಾಲರಾಕ್ಕೆ ದಾರಿಯಲ್ಲೇ ಎಷ್ಟೋ ಜನ ಹೋದರು. ಬೀಗಿತ್ತಿ ಇದನ್ನೆಲ್ಲ ಹೇಳುವಾಗ ಕೈಯಲ್ಲಿ ಆ ಹೂವಿನ ಬಟ್ಟೆಯ ಅಂಚು ಹಿಡಿದುಕೊಂಡೇ ಇದ್ದರು. ನಾನು ಮುಂದೆ ಕೇಳಲಿಲ್ಲ.

ಹೋಗದೆ ಮಿಸಿಸಿಪ್ಪಿಯಲ್ಲೇ ಉಳಿದವರೂ ಇದ್ದಾರೆ. ಅವರದು ಬೇರೆ ಸರ್ಕಾರ, ಮಿಸಿಸಿಪ್ಪಿ ಬ್ಯಾಂಡ್ ಆಫ್ ಚಾಕ್ಟಾ ಇಂಡಿಯನ್ಸ್. 1949ರಿಂದ ಜುಲೈನಲ್ಲಿ ಚಾಕ್ಟಾ ಫೇರ್ ನಡೆಸುತ್ತಾರೆ. ಬೀಗಿತ್ತಿ ಅಲ್ಲಿಂದ ತಂದ ಫೋಟೋಗಳಲ್ಲಿ ಡೈಮಂಡ್ ಕೆಲಸ ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಸಣ್ಣದು, ಅಷ್ಟು ಚೂಪು.

ಹೊಲಿಸುವ ಮುಂಚೆ ಡುರಾಂಟ್‌ನ ಚಾಕ್ಟಾ ಕಲ್ಚರಲ್ ಸೆಂಟರಿಗೆ ಹೋಗಿ ಬರುವುದು ಒಳ್ಳೆಯದು. 2021ರಲ್ಲಿ ತೆರೆದದ್ದು, ಕಟ್ಟಡ ದೊಡ್ಡದು, ಅರ್ಧ ದಿನ ಬೇಕು. ನಾವು ಉಲ್ಟಾ ಮಾಡಿದೆವು, ಆರ್ಡರ್ ಕೊಟ್ಟ ಮೇಲೆ ಹೋದೆವು. ಮೊದಲೇ ಹೋಗಿದ್ದರೆ ಆ 64 ಡಾಲರ್ ಉಳಿಯುತ್ತಿತ್ತು.

ಈಗ ದೂರು. ಜೂನ್ ಮೊದಲ ವಾರ ಆರ್ಡರ್ ಕೊಟ್ಟೆವು. ಆಗಸ್ಟ್ 15ಕ್ಕೆ ಎಂದರು. 15 ಹೋಯಿತು, 20 ಹೋಯಿತು. ಫೋನ್ ಮಾಡಿದರೆ ತೆಗೆಯುವುದಿಲ್ಲ. ಜಾತ್ರೆ ಶುರುವಾಗುವ ಹಿಂದಿನ ದಿನ ಸಂಜೆ ಕೈಗೆ ಬಂತು. ನಾನೂ ಹಬ್ಬದ ಹಿಂದಿನ ರಾತ್ರಿ ಹನ್ನೊಂದಕ್ಕೆ ಬ್ಲೌಸ್ ಕೊಟ್ಟವಳೇ, ಹಾಗಾಗಿ ಬಾಯಿ ಬಿಡಲಿಲ್ಲ. ಆದರೆ ಕಾಯುವವರಿಗೆ ಎಷ್ಟು ಹೊಟ್ಟೆ ಉರಿಯುತ್ತದೆ ಎಂದು ಈಗ ಗೊತ್ತಾಯಿತು.

ಕುತ್ತಿಗೆ ಅರ್ಧ ಇಂಚು ಬಿಗಿ. ಬೆನ್ನಿಗೆ ಜಿಪ್ ಹಾಕಿದ್ದರು, ಅದು ಹುಡುಗಿಯ ಉದ್ದ ಕೂದಲನ್ನು ಕಚ್ಚಿ ಹಿಡಿಯಿತು. ಜಾತ್ರೆಯ ಬೆಳಿಗ್ಗೆ ಕಾರಿನೊಳಗೆ ಒಂದೇ ಅಳು. ಅಲ್ಲಿ ಗುಂಡಿಯೋ ಹುಕ್ಕೋ ಇರಬೇಕಿತ್ತು. ಏಪ್ರನ್ ದಾರ ಗಿಡ್ಡ, ಬೋ ಹಾಕಲು ಸಾಲದು. ಬಟ್ಟೆ ಹತ್ತಿ ಮತ್ತು ಪಾಲಿಯೆಸ್ಟರ್ ಸೇರಿದ್ದು. ಇಸ್ತ್ರಿ ಬೇಗ ನಿಲ್ಲುತ್ತದೆ, ನಿಜ. ಆದರೆ ಸೆಪ್ಟೆಂಬರಿನ ಓಕ್ಲಹೋಮಾ ಬಿಸಿಲಿನಲ್ಲಿ ಪೂರ್ತಿ ತೋಳು, ಮೇಲೆ ಏಪ್ರನ್. ಮಗು ಬೆವೆತು ತೊಪ್ಪೆ. ಸೊಸೆ ಎರಡು ಸಲ ಮರದ ನೆರಳಿಗೆ ಕರೆದುಕೊಂಡು ಹೋಗಿ ನೀರು ಕುಡಿಸಿದಳು. ಪೂರ್ತಿ ಹತ್ತಿಯೇ ಬೇಕು ಎಂದು ಮೊದಲೇ ಹೇಳಿ. ಮುದುಡಿದರೆ ಮುದುಡಲಿ.

ಆದರೂ ಅವಳು ಕುಣಿಯುವುದನ್ನು ನೋಡಬೇಕಿತ್ತು. ಹಾವಿನ ಕುಣಿತ ಎಂದು ಒಂದಿದೆ, ಎಲ್ಲರೂ ಕೈ ಹಿಡಿದು ಸಾಲಾಗಿ ಸುತ್ತುತ್ತಾ ಸುತ್ತುತ್ತಾ ಒಳಕ್ಕೆ ಸೇರಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತಾರೆ. ಒಬ್ಬೊಬ್ಬರ ಲಂಗದ ಮೇಲೂ ಡೈಮಂಡ್ ಸಾಲು. ಕೆಂಪು, ನೀಲಿ, ಹಳದಿ, ನೇರಳೆ. ಫ್ರಿಲ್ ಎಷ್ಟು ಅಗಲ ಇರಬೇಕು, ಯಾಕೆ ಅಷ್ಟು ತೂಕ ಎಂದು ನನಗೆ ಅಲ್ಲಿ ಅರ್ಥವಾಯಿತು. ತೂಕ ಇದ್ದರೇ ಲಂಗ ತಿರುಗುವುದು.

ಆಭರಣದ ಬಗ್ಗೆ ಎರಡೇ ಮಾತು. ಕತ್ತಿನ ಸುತ್ತ ಬಲೆಯ ಹಾಗೆ ಹೆಣೆದ ಮಣಿಯ ಪಟ್ಟಿ ಹಾಕುತ್ತಾರೆ, ತಲೆಗೆ ಬಾಚಣಿಗೆ. ಮಣಿಯದ್ದು ಬೆಲೆ ಜಾಸ್ತಿ, ಬೆಳೆಯುವ ಮಗುವಿಗೆ ಈಗಲೇ ಬೇಡ. ನಾವು ಪೋಕ್ನಿಯದ್ದನ್ನೇ ಹಾಕಿ ಕಳಿಸಿದೆವು.

ನೀವೇ ಹೊಲಿಯಬಹುದಾ ಎಂದರೆ, ಹೊಲಿಗೆ ಬರುವವರಿಗೆ ಕಟ್ಟು ಕಷ್ಟವಲ್ಲ. ಬೀಗಿತ್ತಿ ಪಕ್ಕದಲ್ಲಿ ಕೂತು ನನ್ನ ಕೈಯಲ್ಲಿ ಒಂದು ಏಪ್ರನ್ ಮಾಡಿಸಿದರು. 22 ಡೈಮಂಡ್. ಮೊದಲ ಎಂಟನ್ನು ನೋಡಿ, ಚುರುಕಾದ ಕತ್ತರಿ ಇದ್ದವರ ಅಹಂಕಾರ ಎಲ್ಲ ಇಳಿಯುತ್ತದೆ. ನನಗೂ ಇಳಿಯಿತು. ಒಂಬತ್ತನೆಯದರಿಂದ ಕೈ ಕೂತಿತು. ಅವರು ತಪ್ಪಾದದ್ದನ್ನು ಬಿಚ್ಚಿಸಲಿಲ್ಲ. "ಇರಲಿ, ಮೊದಲಿನವು ಮೊದಲಿನ ಹಾಗೇ ಕಾಣಲಿ" ಎಂದರು. ನನ್ನ ಅಂಗಡಿಯಲ್ಲಾದರೆ ನಾನು ಹುಡುಗಿಯರ ಕೈಯಲ್ಲಿ ಬಿಚ್ಚಿಸದೇ ಬಿಡುತ್ತಿರಲಿಲ್ಲ.

ಆ ಏಪ್ರನ್ ನೋಡಿ ಮಗ, "ಅಮ್ಮ, ನೀನೇ ಹೊಲಿದು ಮಾರು" ಎಂದ. ಸೊಸೆ ತಕ್ಷಣ ಬೇಡ ಎಂದಳು. 1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಆಕ್ಟ್ ಪ್ರಕಾರ ಬೇರೆಯವರು ಮಾಡಿದ್ದನ್ನು ಮೂಲನಿವಾಸಿಗಳು ಮಾಡಿದ್ದು ಎಂದು ಮಾರುವುದು ಅಪರಾಧ, ಜೈಲೂ ಇದೆ, ದಂಡವೂ ಇದೆ. ಮೊಮ್ಮಗಳಿಗೆ ಹೊಲಿದರೆ ಯಾರೂ ಕೇಳುವುದಿಲ್ಲ. ಚಾಕ್ಟಾ ಕೆಲಸ ಎಂದು ಬೋರ್ಡು ಹಾಕಿದರೆ ಕೇಳುತ್ತಾರೆ. ಸರಿಯಾಗೇ ಇದೆ ಅನ್ನಿಸಿತು. ಆ ಹಿಂದಿನ ಕೋಣೆಯಲ್ಲಿ ಆಕೆ 240 ಮೂಲೆ ಮಡಿಸುತ್ತಾ ಕೂತಿದ್ದರೆ, ಅಚ್ಚು ರಿಬ್ಬನ್ನಿನವರು 64 ಡಾಲರಿಗೆ ಗಿರಾಕಿ ಎಳೆದುಕೊಳ್ಳುತ್ತಾರೆ. ನಮ್ಮನ್ನೇ ಎಳೆದುಕೊಂಡಿದ್ದರಲ್ಲ.

ಕೈಹೊಲಿಗೆಯ ಉಡುಪಿಗೆ ನಾನು ಐದರಲ್ಲಿ ನಾಲ್ಕು ಕೊಡುತ್ತೇನೆ. ಜಿಪ್ಪಿಗೆ ಅರ್ಧ ಕಳೆದೆ, ಕಾಯಿಸಿದ್ದಕ್ಕೆ ಅರ್ಧ. ಇಷ್ಟರಲ್ಲಿ ಆರು ಸಲ ಒಗೆದಾಗಿದೆ, ತಣ್ಣೀರಿನಲ್ಲಿ, ಒಳಭಾಗ ಹೊರಗೆ ಮಾಡಿ. ಒಂದು ಮೂಲೆಯೂ ಎದ್ದಿಲ್ಲ, ಬಿಳಿ ಇನ್ನೂ ಬಿಳಿಯೇ.

ಈ ವರ್ಷದ್ದನ್ನು ಫೆಬ್ರವರಿಯಲ್ಲೇ ಹೇಳಿಟ್ಟಿದ್ದೇವೆ. ಕೆಂಪಿನದ್ದರ ಮಡಿಕೆ ಬಿಚ್ಚಿದರೆ ಇನ್ನೂ ಒಂದು ವರ್ಷ ಬರುತ್ತದೆ, ಹೊಸದು ಸೊಸೆಗೆ. ಹಸಿರು, ಪೂರ್ತಿ ಹತ್ತಿ, ಬೆನ್ನಿಗೆ ಗುಂಡಿ, ಏಪ್ರನ್ ದಾರ ಎಂಟು ಇಂಚು ಜಾಸ್ತಿ. ಎಲ್ಲವನ್ನೂ ಬರೆದು, ಕೊನೆಗೆ ದಯವಿಟ್ಟು ಫೋನ್ ತೆಗೆಯಿರಿ ಎಂದೂ ಸೇರಿಸಿ ಮೆಸೇಜ್ ಹಾಕಿದೆ. ಎರಡು ದಿನ ಬಿಟ್ಟು ಉತ್ತರ ಬಂತು. "ಯಾಕೋಕೆ" ಎಂದಿತ್ತು. ಅವರ ಭಾಷೆಯಲ್ಲಿ ಅದು ಧನ್ಯವಾದ. ಕೆಳಗೆ ಇನ್ನೊಂದು ಸಾಲು: "ಗುಂಡಿ ಹಾಕುತ್ತೇನೆ. ಫೋನ್ ತೆಗೆಯುವುದಿಲ್ಲ, ಕೈಯಲ್ಲಿ ಸೂಜಿ ಇರುತ್ತದೆ."